ಪ್ರಶ್ನೆಯಲ್ಲಿಲ್ಲದ ಸಾಲು

ಕನ್ನಡಕದಂಗಡಿಯವರು ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದಾಗ ಹೆಂಡತಿ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು. ಒಂದು ಕಾಲು ಕೊನೆಯ ಮೆಟ್ಟಿಲ ಮೇಲೆಯೇ ಉಳಿದಿತ್ತು. ತಲೆಯ ಹಿಂದೆ ರಕ್ತ ಕಪ್ಪಗೆ ಹೆಪ್ಪುಗಟ್ಟಿತ್ತು. ಅವರು ಕೂಗಲಿಲ್ಲ. ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡರು. ಕೈ ತಣ್ಣಗಿತ್ತು. ಆಮೇಲೆ ಪೊಲೀಸರಿಗೆ ಫೋನ್ ಮಾಡಿದರು.

ಇನ್ಸ್‌ಪೆಕ್ಟರ್ ಬಂದಾಗಲೂ ಅವರು ಆ ಕೈ ಬಿಟ್ಟಿರಲಿಲ್ಲ. ಇನ್ಸ್‌ಪೆಕ್ಟರ್ ಐವತ್ತು ದಾಟಿದ ಹೆಂಗಸು. ಮಂಡಿ ನೋವು. ಸಾವಾದ ಮನೆಯಲ್ಲಿ ದನಿ ಎತ್ತುವ ಅಭ್ಯಾಸ ಆಕೆಗಿರಲಿಲ್ಲ.

"ಕಾಲು ಜಾರಿರಬೇಕು ಮೇಡಂ," ಎಂದರು ಜೊತೆಗಿದ್ದ ಹೆಡ್ ಕಾನ್‌ಸ್ಟೇಬಲ್.

ಹೆಣ ಪರೀಕ್ಷಿಸುತ್ತಿದ್ದ ಡಾಕ್ಟರು ತಲೆ ಅಲ್ಲಾಡಿಸಿದರು. "ಉರುಳಿ ಬಿದ್ರೆ ಮೊಣಕೈ, ಮಂಡಿ ತರಚಬೇಕು. ಇಲ್ಲಿ ಒಂದು ಗೀರೂ ಇಲ್ಲ. ಹಿಂದಿನಿಂದ ಒಂದೇ ಏಟು. ಸತ್ತ ಮೇಲೆ ತಂದು ಇಲ್ಲಿ ಮಲಗಿಸಿದ್ದಾರೆ."

"ಯಾವಾಗ?"

"ಮಧ್ಯಾಹ್ನ. ಊಟ ಮಾಡಿ ಸ್ವಲ್ಪ ಹೊತ್ತಾಗಿತ್ತು."

ಮೇಲಿನ ಕೋಣೆಯಲ್ಲಿ ಮೇಜು, ಕುರ್ಚಿ, ಕೆನೆಗಟ್ಟಿದ ಅರ್ಧ ಲೋಟ ಕಾಫಿ. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿತ್ತು. ಒಳಗಿನ ಡಿಸ್ಕ್ ಇರಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಯಾರೋ ಸಾಸರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಬಾಗಿಲು ಬಡಿಯದಂತೆ ಒತ್ತಿಡುತ್ತಿದ್ದ ಕಬ್ಬಿಣದ ತೂಕದ ಬಟ್ಟು ಕಾಣೆಯಾಗಿತ್ತು. ಬೀರುವಿನ ಒಡವೆಯನ್ನು ಯಾರೂ ಮುಟ್ಟಿರಲಿಲ್ಲ. ಮುಂಬಾಗಿಲಿನ ಬೀಗವೂ ಸರಿಯಾಗಿತ್ತು.

"ನಿಮ್ಮ ಹೆಂಡತಿ ಏನ್ ಕೆಲಸ ಮಾಡ್ತಿದ್ರು?"

"ಕಾಲೇಜಲ್ಲಿ ಗಣಿತ ಹೇಳ್ತಿದ್ಲು, ಬಿಟ್ಟು ಕೆಲವು ವರ್ಷ ಆಯ್ತು," ಎಂದರು ಕನ್ನಡಕದಂಗಡಿಯವರು. "ಈಗ ಅದೇನೋ ಹ್ಯಾಸ್ಕೆಲ್ ಅಂತ. ಕಂಪ್ಯೂಟರಿನ ಭಾಷೆ. ಅದನ್ನ ಕಲಿಯೋರೆಲ್ಲ ಇಂಟರ್‌ನೆಟ್ಟಲ್ಲಿ ಒಂದು ತಾಣದಲ್ಲಿ ಸೇರ್ತಾರೆ. ಪ್ರಶ್ನೆ ಕೇಳ್ತಾರೆ, ಉತ್ತರ ಹೇಳ್ತಾರೆ, ಕಿತ್ತಾಡ್ತಾರೆ. ಇವಳು ಅಲ್ಲಿ ಮೇಲ್ವಿಚಾರಕಿ. ಎಲ್ಲರೂ ಅತ್ತಿಗೆ ಅಂತಾನೇ ಕರೆಯೋದು. ನನ್ನ ತಮ್ಮ ಹಾಗೆ ಕರೀತಿದ್ದ. ಅವನ ಬಾಯಿಂದ ಎಲ್ಲರ ಬಾಯಿಗೂ ಹೋಯ್ತು."

ಅಷ್ಟರಲ್ಲಿ ತಮ್ಮ ಓಡಿ ಬಂದ. ಅತ್ತಿಗೆಯ ಪಾದ ಹಿಡಿದು ಅತ್ತ. ತಂದೆತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಆಕೆ. ಅನ್ನ ಹಾಕಿದ ಕೈಯಲ್ಲೇ ಹ್ಯಾಸ್ಕೆಲನ್ನೂ ಕಲಿಸಿದ್ದಳು. ಈಗ ಆಸ್ಪತ್ರೆಗಳಿಗೆ ಪ್ರೋಗ್ರಾಮ್ ಬರೆದುಕೊಡುವ ಕಂಪನಿ ಅವನದು. ತಾಣದಲ್ಲಿ ಅವನ ಹೆಸರು ಮಾಸ್ತರ. ಯಾರು ಏನು ಕೇಳಿದರೂ ತಾಳ್ಮೆಯಿಂದ ಉತ್ತರಿಸುವವನು.

ಇನ್ಸ್‌ಪೆಕ್ಟರ್ ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದರು. "ಮಧ್ಯಾಹ್ನ ಎಲ್ಲಿದ್ರಿ?"

"ಮನೇಲಿ. ತಾಣದಲ್ಲಿ ಒಬ್ಬ ಹೊಸಬನಿಗೆ ಪಾಠ ಹೇಳ್ತಾ ಕೂತಿದ್ದೆ. ಸಂಜೆ ತನಕ. ಎಲ್ಲ ಅಲ್ಲೇ ಇದೆ, ನೋಡ್ಬಹುದು." ಕಣ್ಣೊರೆಸಿಕೊಂಡು ಮತ್ತೆ ಹೇಳಿದ. "ಸಿಡಿಲು ಅಂತ ಒಬ್ಬನಿದ್ದಾನೆ. ಬಾಯಿ ಹೊಲಸು ಅಂತ ಅತ್ತಿಗೆ ಅವನನ್ನ ತಾಣದಿಂದ ತೆಗೆದುಹಾಕಿದ್ರು. ಮನೆಗೇ ಬಂದು ಉತ್ತರ ಹೇಳ್ತೀನಿ ಅಂತ ಬರೆದಿದ್ದ. ಅವನನ್ನ ಹಿಡೀರಿ."

*

ಸಿಡಿಲಿನ ಮನೆ ಒಂದೇ ಕೋಣೆ. ಮಂಚದ ಮೇಲೆ ಮಾತು ನಿಂತುಹೋದ ಅಪ್ಪ. ಕಿಟಕಿಯಲ್ಲಿ ಔಷಧಿ ಬಾಟಲಿಗಳ ಸಾಲು. ಸಿಡಿಲು ಎಂದರೆ ಎತ್ತರದ ಆಳು ಎಂದುಕೊಂಡಿದ್ದ ಹೆಡ್ ಕಾನ್‌ಸ್ಟೇಬಲ್ ಬಾಗಿಲು ತೆರೆದವನನ್ನು ನೋಡಿ ಅವನ ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ಇಣುಕಿದರು. ಕೃಶ ದೇಹ, ಹರಿದ ಸ್ವೆಟರು.

"ಬರೆದಿದ್ದು ನಾನೇ," ಎಂದ. "ಕೆಲಸ ಹೋಗಿತ್ತು. ಸಿಟ್ಟನ್ನ ಎಲ್ಲಿ ತೀರಿಸ್ಕೊಳ್ಲಿ?"

"ನಿನ್ನೆ ಮಧ್ಯಾಹ್ನ?"

"ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಅಲ್ಲಿ ಎಲ್ಲರೂ ನೋಡಿದ್ದಾರೆ."

ಹೆಡ್ ಕಾನ್‌ಸ್ಟೇಬಲ್ ಆಸ್ಪತ್ರೆಗೆ ಫೋನ್ ಮಾಡಿದರು. ಮಾತು ನಿಜವಾಗಿತ್ತು.

ಇನ್ಸ್‌ಪೆಕ್ಟರ್ ಎದ್ದು ನಿಂತಾಗ ಸಿಡಿಲು ಅಳತೊಡಗಿದ. "ನನ್ನ ತೆಗೆದುಹಾಕಿದ ಮೇಲೂ ಅತ್ತಿಗೆ ನನಗೆ ಕಲಿಸೋದು ಬಿಡಲಿಲ್ಲ ಮೇಡಂ. ನಾನು ಕೇಳಿದ್ದಕ್ಕೆಲ್ಲ ಮೇಲ್‌ನಲ್ಲಿ ಉತ್ತರ ಬರೀತಿದ್ರು. ಮೊದಲು ಬಾಯಿ ತೊಳ್ಕೋ, ಆಮೇಲೆ ಒಳಗೆ ಸೇರಿಸ್ತೀನಿ ಅಂತಿದ್ರು."

"ಕೊನೇಗೆ ಏನ್ ಬರೆದಿದ್ರು?"

"ಅಳತೆಗಳ ಬಗ್ಗೆ. ಮಿಲಿಗ್ರಾಂ, ಮೈಕ್ರೋಗ್ರಾಂ ಎರಡನ್ನೂ ಬರೀ ಸಂಖ್ಯೆ ಅಂತ ಬಿಡಬಾರದು. ಇದು ಬೇರೆ, ಅದು ಬೇರೆ ಅಂತ ಹ್ಯಾಸ್ಕೆಲ್‌ಗೆ ಮೊದಲೇ ಹೇಳಿಟ್ರೆ ಒಂದರ ಜಾಗದಲ್ಲಿ ಇನ್ನೊಂದು ಹಾಕೋಕೆ ಅದು ಬಿಡಲ್ಲ. ಪ್ರೋಗ್ರಾಮ್ ಓಡೋದೇ ಇಲ್ಲ. ಅದನ್ನ ಹೇಳ್ಕೊಡ್ತಾ ಒಂದು ಮಾತು ಬರೆದ್ರು. ನನ್ನ ಹತ್ತಿರ ಕಲಿತವನೇ ಅವಸರಕ್ಕೆ ಬಿದ್ದು ಇದನ್ನ ಬಿಟ್ಟ, ಒಂದು ಮಗು ಸತ್ತಿದೆ, ತಪ್ಪನ್ನ ನರ್ಸಿನ ತಲೆಗೆ ಕಟ್ಟಿದ್ದಾರೆ, ನಾನು ಸುಮ್ಮನಿರೋಳಲ್ಲ ಅಂತ."

"ಕಲಿತವನು ಯಾರು ಅಂತ ಬರೆದಿದ್ರಾ?"

"ಇಲ್ಲ. ಅವರ ಹತ್ತಿರ ಕಲಿಯದೆ ಇರೋರು ಯಾರಿದ್ದಾರೆ ಮೇಡಂ?"

ಹೊರಗೆ ಜೀಪಿನಲ್ಲಿ ಕುಳಿತ ಇನ್ಸ್‌ಪೆಕ್ಟರ್‌ಗೆ ನರ್ಸಿನ ಮೇಲಿನ ಆ ಕೇಸು ಯಾವ ಆಸ್ಪತ್ರೆಯದೆಂದು ಗೊತ್ತಿತ್ತು. ಆ ಆಸ್ಪತ್ರೆಗೆ ಔಷಧದ ಅಳತೆಯ ಪ್ರೋಗ್ರಾಮ್ ಕೊಟ್ಟದ್ದು ಯಾರ ಕಂಪನಿ ಎಂದು ತಿಳಿಯಲು ಒಂದೇ ಫೋನ್ ಸಾಕಾಯಿತು. ಅದು ಮೈದುನನದು.

"ಆದ್ರೆ ಅವನು ಮಧ್ಯಾಹ್ನವೆಲ್ಲ ತಾಣದಲ್ಲಿದ್ದ," ಎಂದರು ಹೆಡ್ ಕಾನ್‌ಸ್ಟೇಬಲ್. "ನೂರಾರು ಜನ ನೋಡಿದ್ದಾರೆ. ಒಂದೇ ಆಳು ಎರಡು ಕಡೆ ಇರೋಕಾಗುತ್ತಾ?"

"ಅಲ್ಲಿ ಆಳನ್ನ ಯಾರು ನೋಡಿದ್ರು? ಅಕ್ಷರ ನೋಡಿದ್ರು."

*

ತಾಣದ ಯಂತ್ರಗಳನ್ನು ನೋಡಿಕೊಳ್ಳುವವಳು ನಕ್ಷೆಗಳ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಪ್ರತಿಯೊಂದಕ್ಕೂ ಯಾಕೆ, ಹೇಗೆ ಎಂದು ಕೇಳುವುದರಿಂದ ಅವಳಿಗೆ ಸಂಶಯ ಎಂಬ ಹೆಸರು ಬಿದ್ದಿತ್ತು. ಅಳುವಳೆಂದು ಇನ್ಸ್‌ಪೆಕ್ಟರ್ ಎಣಿಸಿದ್ದರು. ಅವಳು ಅಳಲಿಲ್ಲ. ಆ ಮಧ್ಯಾಹ್ನದ ಪುಟ ತೆರೆದು ಪರದೆಯನ್ನು ಅವರತ್ತ ತಿರುಗಿಸಿದಳು.

"ನನಗೆ ಹ್ಯಾಸ್ಕೆಲ್ ಬರಲ್ಲ," ಎಂದರು ಇನ್ಸ್‌ಪೆಕ್ಟರ್. "ಸಾಕ್ಷಿ ಹೇಳಿಕೆ ಓದಿದ ಹಾಗೆ ಓದ್ತೀನಿ. ತಿಳೀದಿದ್ದಲ್ಲಿ ನಿಲ್ಲಿಸ್ತೀನಿ."

ಹೊಸಬ ಎಂಬ ಹೆಸರಿನವನು ಕೇಳಿದ್ದ: ಲಕ್ಷಾಂತರ ಸಂಖ್ಯೆ ಕೂಡಿಸುವ ನನ್ನ ಪ್ರೋಗ್ರಾಮ್ ಮೆಮೊರಿಯನ್ನೆಲ್ಲ ತಿನ್ನುತ್ತಿದೆ, ಯಾಕೆ? ಕೆಳಗೆ ಪ್ರೋಗ್ರಾಮಿನ ಎರಡು ಸಾಲು. ಸ್ವಲ್ಪ ಹೊತ್ತಿನ ಮೇಲೆ ಮಾಸ್ತರನ ಉತ್ತರ: ಹ್ಯಾಸ್ಕೆಲ್ ಸೋಮಾರಿ. ಕೂಡಿಸು ಎಂದ ಕೂಡಲೇ ಕೂಡಿಸುವುದಿಲ್ಲ, ಕೇಳುವ ತನಕ ಬಾಕಿ ಕೆಲಸವನ್ನು ರಾಶಿ ಹಾಕಿಕೊಳ್ಳುತ್ತದೆ. ಆಗಿಂದಾಗ್ಗೆ ಕೂಡಿಸುವಂತೆ ಒತ್ತಾಯ ಮಾಡು. ಇನ್ನೊಂದು ಮಾತು, ಮೂರನೇ ಸಾಲಿನ ಹೆಡ್ ಬಗ್ಗೆ ಎಚ್ಚರ.

"ಹೆಡ್ ಅಂದ್ರೆ?"

ಹೆಡ್ ಕಾನ್‌ಸ್ಟೇಬಲ್ ನೆಟ್ಟಗೆ ಕುಳಿತರು.

"ಪಟ್ಟಿಯ ಮೊದಲನೇದನ್ನ ಎತ್ತಿಕೊಡೋ ಆಜ್ಞೆ," ಎಂದಳು ಸಂಶಯ. "ಪಟ್ಟಿ ಖಾಲಿ ಇದ್ರೆ ಎತ್ತೋಕೇನೂ ಇಲ್ಲದೆ ಪ್ರೋಗ್ರಾಮ್ ಅಲ್ಲೇ ಸಾಯುತ್ತೆ."

"ಪ್ರಶ್ನೆಯಲ್ಲಿ ಇರೋದೇ ಎರಡು ಸಾಲು. ಮೂರನೇದು ಎಲ್ಲಿ?"

"ಅದನ್ನೇ ನಾನೂ ಕೇಳಿದೆ. ಕೆಳಗೆ ನೋಡಿ."

ಕೆಳಗೆ ಸಂಶಯ ಬರೆದಿದ್ದಳು: ಯಾವ ಹೆಡ್? ಪ್ರಶ್ನೆಯಲ್ಲಿ ಇಲ್ಲವಲ್ಲ. ಅದರ ಕೆಳಗೆ ಹೊಸಬ: ಹೆಡ್ ತೆಗೆದೆ ಸಾರ್, ಈಗ ಸರಿಹೋಯಿತು. ಅದರ ಕೆಳಗೆ ಮಾಸ್ತರ: ಸಂತೋಷ, ಮುಂದಿನ ಪಾಠಕ್ಕೆ ಹೋಗೋಣ. ಹೀಗೇ ಸಂಜೆಯವರೆಗೆ. ನಡುವೆ ಸಂಶಯ ಮತ್ತೊಮ್ಮೆ ಕೇಳಿದ್ದಳು. ಇಬ್ಬರೂ ಅವಳತ್ತ ತಿರುಗಿ ನೋಡಿರಲಿಲ್ಲ.

"ಮೂರನೇ ಸಾಲು ಮೊದಲು ಇತ್ತು," ಎಂದಳು ಸಂಶಯ. "ಪ್ರಶ್ನೆ ಬಂದ ಕೂಡಲೇ ಅತ್ತಿಗೆ ಅದನ್ನ ತೆಗೆದಿದ್ದಾರೆ. ಕೇಳಿದ್ದಕ್ಕೂ ಆ ಸಾಲಿಗೂ ಸಂಬಂಧ ಇರಲಿಲ್ಲ. ಹೊಸಬರ ಪ್ರಶ್ನೇನ ಹೀಗೆ ಚೊಕ್ಕ ಮಾಡೋದು ಅವರ ದಿನದ ಕೆಲಸ. ಅವರು ತಾಣದಲ್ಲಿ ಮಾಡಿದ ಕೊನೇ ಕೆಲಸ ಅದು."

ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಕೋರ್ಟಲ್ಲಿ ಇಂಥೋರನ್ನ ಬೇಕಾದಷ್ಟು ನೋಡಿದ್ದೀನಿ. ಗಿಳಿಪಾಠ ಒಪ್ಪಿಸೋ ಸಾಕ್ಷಿ. ವಕೀಲರು ಒಂದು ಪ್ರಶ್ನೆ ಬಿಟ್ರೂ ಅವನು ಅದಕ್ಕೂ ಉತ್ತರ ಹೇಳ್ತಾನೆ. ಬಾಯಿಪಾಠದಲ್ಲಿ ಅದಿರುತ್ತಲ್ಲ. ಈ ಹೊಸಬ ಯಾರು, ಎಲ್ಲಿಂದ ಬರೀತಿದ್ದ? ನೋಡಿ ಹೇಳ್ತೀಯಾಮ್ಮ?"

ಸಂಶಯ ಕೀಲಿಮಣೆಯ ಮೇಲೆ ಬೆರಳಿಟ್ಟಳು. ಮಾಸ್ತರನ ಉತ್ತರಗಳನ್ನು ಓದಿಯೇ ಅವಳು ಹ್ಯಾಸ್ಕೆಲ್ ಕಲಿತಿದ್ದಳು.

*

ಕನ್ನಡಕದಂಗಡಿಯವರ ನಡುಮನೆಯಲ್ಲಿ ಅಣ್ಣ ತಮ್ಮ ಇಬ್ಬರೂ ಕುಳಿತಿದ್ದರು. ತಮ್ಮ ಅಣ್ಣನಿಗೆ ಬಲವಂತ ಮಾಡಿ ಊಟ ಮಾಡಿಸಿದ್ದ. ಎರಡು ತಟ್ಟೆ ಇನ್ನೂ ಅಲ್ಲೇ ಇದ್ದವು.

"ಒಂದೇ ಒಂದು ವಿಷಯ," ಎಂದರು ಇನ್ಸ್‌ಪೆಕ್ಟರ್. "ಮೂರನೇ ಸಾಲು ತೆಗೆದುಹಾಕಿದ ಮೇಲೆ ಅದರ ಬಗ್ಗೆ ಹೇಗೆ ಬರೆದ್ರಿ?"

ಮೈದುನ ತಡವರಿಸಲಿಲ್ಲ. "ಅತ್ತಿಗೆ ತಿದ್ದೋ ಮುಂಚೆ ಪುಟ ತೆರೆದಿದ್ದೆ. ನನ್ನ ಪರದೇಲಿ ಹಳೇದೇ ಇತ್ತು."

"ಆಗಬಹುದು. ಅದಕ್ಕೇ ಸಂಶಯ ಕೇಳಿದ್ದೂ ಕಾಣಲಿಲ್ಲ ಅಂತೀರಿ."

"ಹೌದು."

"ಆದ್ರೆ ಹೊಸಬ ಹೇಳಿದ್ದು ಕಾಣಿಸ್ತು. ಸಂತೋಷ ಅಂತ ಬರೆದ್ರಿ. ಸಂಶಯ ಕೇಳಿದ್ದು ಅದರ ಮೇಲೇ ಇದೆ. ಕೆಳಗಿನ ಸಾಲು ಕಂಡವರಿಗೆ ಮೇಲಿನದು ಕಾಣಲಿಲ್ವಾ? ಅದೂ ಎರಡು ಸಲ ಕೇಳಿದ್ದಾಳೆ. ಯಾರು ಕೇಳಿದ್ರೂ ಉತ್ತರ ಕೊಡೋರು ನೀವು. ಅವತ್ತು ಮಾತ್ರ ಒಬ್ಬನಿಗೇ ಕೊಟ್ರಿ."

ಅವನು ಎದುರಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಯಾಕಂದ್ರೆ ಆ ಒಬ್ಬನೂ ನೀವೇ. ಹೊಸಬ ಅನ್ನೋ ಹೆಸರು ತಾಣದಲ್ಲಿ ಹುಟ್ಟಿದ್ದು ಕೊಲೆಯ ಹಿಂದಿನ ದಿನ. ಅವನ ಪ್ರಶ್ನೆ, ನಿಮ್ಮ ಉತ್ತರ ಎರಡೂ ಹೊರಟಿದ್ದು ನಿಮ್ಮ ಮನೆಯ ಒಂದೇ ಯಂತ್ರದಿಂದ. ಎಲ್ಲ ಮೊದಲೇ ಬರೆದಿಟ್ರಿ. ಹೊತ್ತು ಹೊತ್ತಿಗೆ ಒಂದೊಂದನ್ನೇ ಕಳಿಸೋ ಕೆಲಸ ಯಂತ್ರಕ್ಕೆ ಒಪ್ಪಿಸಿ ಇಲ್ಲಿಗೆ ಬಂದ್ರಿ. ಮನೇ ಮಗ, ಕೀಲಿ ಇತ್ತು. ನಡುವೆ ಯಾರಾದ್ರೂ ಬಾಯಿ ಹಾಕ್ತಾರೆ ಅಂತ ಯೋಚನೆ ಮಾಡಲಿಲ್ಲ. ಡಿಸ್ಕಲ್ಲಿ ನಿಮ್ಮ ಪ್ರೋಗ್ರಾಮಿನ ತಪ್ಪು ಎಲ್ಲಿದೆ ಅಂತ ಅವರು ಬರೆದಿಟ್ಟಿದ್ರು. ಅದು ಹೊರಗೆ ಬಂದ್ರೆ ನರ್ಸಿನ ಮೇಲಿನ ಆಪಾದನೆ ನಿಮ್ಮ ಮೇಲೆ ತಿರುಗ್ತಿತ್ತು."

ಕನ್ನಡಕದಂಗಡಿಯವರು ತಮ್ಮನನ್ನೇ ನೋಡುತ್ತಿದ್ದರು. "ಏನಾದ್ರೂ ಹೇಳೋ," ಎಂದರು. "ಸುಳ್ಳು ಅಂತ ಹೇಳೋ."

ಮೈದುನ ತಟ್ಟೆಗಳತ್ತ ನೋಡುತ್ತ ಮಾತಾಡಿದ. "ಕೊನೇ ಸಲ ಕೇಳ್ಕೊಳ್ಳೋಣ ಅಂತ ಬಂದೆ ಅಣ್ಣ. ಕಾಲಿಗೆ ಬಿದ್ದೆ. ಕಂಪನಿ ಮುಳುಗುತ್ತೆ ಅಂದೆ. ಆ ನರ್ಸಿನ ಹೆಸರು ನಿನಗೆ ಗೊತ್ತಾ ಅಂತ ಕೇಳಿದ್ರು. ನನಗೆ ಗೊತ್ತಿರಲಿಲ್ಲ."

"ಕೇಳ್ಕೊಳ್ಳೋಕೆ ಬರೋನು ಹಿಂದಿನ ದಿನವೇ ಹೊಸಬನ್ನ ಹುಟ್ಟಿಸಿ ಬರ್ತಾನಾ?" ಎಂದರು ಇನ್ಸ್‌ಪೆಕ್ಟರ್.

ಅವನು ಅದನ್ನು ಬಿಟ್ಟು ಬೇರೆಯದನ್ನು ಹೇಳಿದ. "ನಾನು ಒಳಗೆ ಬಂದಾಗ ಅವರು ಏನೋ ಟೈಪ್ ಮಾಡ್ತಿದ್ರು. ಕೂತ್ಕೋ, ಯಾರೋ ಹೊಸಬ ಬಂದಿದ್ದಾನೆ, ಪಾಪ, ಅವನದೊಂದು ಸರಿ ಮಾಡಿ ಬರ್ತೀನಿ ಅಂದ್ರು. ನಾನು ಪರದೆ ಕಡೆ ನೋಡಲಿಲ್ಲ."

ತೂಕದ ಬಟ್ಟು ಮತ್ತು ಡಿಸ್ಕ್ ಅವನ ಕಾರಿನ ಸ್ಟೆಪ್ನಿಯ ಕೆಳಗೆ ಸಿಕ್ಕವು.

*

ಸುದ್ದಿ ತಿಳಿದ ಮೇಲೆ ತಾಣದಲ್ಲಿ ದೊಡ್ಡ ಚರ್ಚೆ ನಡೆಯಿತು. ಅವನ ಉತ್ತರಗಳನ್ನು ಅಳಿಸಬೇಕೆಂದು ಕೆಲವರು. ಉತ್ತರ ಸರಿಯಿದ್ದ ಮೇಲೆ ಬರೆದವನು ಯಾರಾದರೇನು ಎಂದು ಕೆಲವರು. ಮಾತಿಗೆ ಮಾತು ಬೆಳೆಯಿತು. ಅದನ್ನು ನಿಲ್ಲಿಸಿ ಎನ್ನುವವರು ಇರಲಿಲ್ಲ.

ಆಸ್ಪತ್ರೆಗಳ ತೊಂದರೆ ಬೇರೆ. ತಪ್ಪಿನ ಪ್ರೋಗ್ರಾಮ್ ಇನ್ನೂ ಓಡುತ್ತಲೇ ಇತ್ತು. ಅದನ್ನು ತಿದ್ದಲು ಬೇಕಾದ ಗುಪ್ತಪದಗಳು ಅವನೊಬ್ಬನಿಗೇ ಗೊತ್ತಿದ್ದವು. ಕೋರ್ಟಿನ ಅನುಮತಿ ಪಡೆದು ಅವನನ್ನು ಠಾಣೆಯ ಒಂದು ಕೋಣೆಗೆ ಕರೆತಂದರು. ಅವನ ಒಂದು ಪಕ್ಕಕ್ಕೆ ಸಂಶಯ ಕುಳಿತಳು, ಇನ್ನೊಂದು ಪಕ್ಕಕ್ಕೆ ಇನ್ಸ್‌ಪೆಕ್ಟರ್. ಇಡೀ ದಿನದ ಕೆಲಸವೆಂದು ಎಣಿಸಿ ಇನ್ಸ್‌ಪೆಕ್ಟರ್ ಬೇರೆಲ್ಲ ಕೆಲಸ ಮುಂದೂಡಿದ್ದರು.

ಅವನು ಗುಪ್ತಪದ ಒತ್ತಿದ. ಒಂದು ಪುಟ ತೆರೆದ. ಒಂದು ಗುಂಡಿ ಒತ್ತಿ ಕೈ ಹಿಂದಕ್ಕೆಳೆದುಕೊಂಡ. ಪರದೆಯ ಮೇಲೆ ಸಾಲುಗಳು ಸರಸರನೆ ಹರಿದು ನಿಂತವು.

"ಆಯ್ತು," ಎಂದ.

"ಇಷ್ಟೇನಾ?"

"ಅತ್ತಿಗೇನೇ ಸರಿ ಮಾಡಿ ಕಳಿಸಿದ್ರು. ತುಂಬಾ ಹಿಂದೆಯೇ. ಒಪ್ಪಿಗೆ ಅಂತ ಒತ್ತೋದಷ್ಟೇ ಬಾಕಿ ಇತ್ತು. ಒತ್ತಿದ್ರೆ ತಪ್ಪಿತ್ತು ಅಂತ ಒಪ್ಪಿಕೊಂಡ ಹಾಗಾಗ್ತಿತ್ತು."

ಸಂಶಯ ಎದ್ದು ಹೊರಗೆ ಹೋದಳು.

ಹೊರಗಿನ ಬೆಂಚಿನ ಮೇಲೆ ಕನ್ನಡಕದಂಗಡಿಯವರು ಕುಳಿತಿದ್ದರು. ಪಕ್ಕದಲ್ಲಿ ಬಟ್ಟೆಯ ಚೀಲ. ಒಳಗೆ ನಡೆದದ್ದನ್ನು ಬಾಗಿಲಲ್ಲಿ ನಿಂತು ನೋಡಿದ್ದ ಹೆಡ್ ಕಾನ್‌ಸ್ಟೇಬಲ್ ಅವರಿಗೆ ಆಗಲೇ ಹೇಳಿದ್ದರು.

"ಅವಳು ಬರೆದಿದ್ದು ಸರಿಯಿತ್ತಾ?" ಎಂದು ಅವರು ಸಂಶಯಳನ್ನು ಕೇಳಿದರು.

"ಒಂದಕ್ಷರ ಬದಲಾಯಿಸೋ ಹಾಗಿರಲಿಲ್ಲ."

ಅವರು ತಲೆಯಾಡಿಸಿದರು. ಚೀಲವನ್ನು ಹೆಡ್ ಕಾನ್‌ಸ್ಟೇಬಲ್ ಕೈಗೆ ಕೊಟ್ಟರು. ಎರಡು ಜೊತೆ ಬಟ್ಟೆ, ಒಂದು ಉಣ್ಣೆಯ ಹೊದಿಕೆ.

"ಚಿಕ್ಕಂದಿನಿಂದ ಅವನಿಗೆ ಚಳಿ ತಡ್ಕೊಳ್ಳೋಕಾಗಲ್ಲ," ಎಂದರು. "ನಾನು ತಂದಿದ್ದು ಅಂತ ಹೇಳ್ಬೇಡಿ."