ಸತ್ಯವ್ವನ ಸೂಜಿಗಂಟು

“ನಮ್ಮಣ್ಣನ್ನ ಗಲ್ಲಿಗೆ ಹಾಕ್ತಾರ್ರೀ ಯಪ್ಪಾ,” ಎಂದು ಪರಸವ್ವ ಬಾಗಿಲಲ್ಲೇ ಕುಸಿದಳು. ಅವಳನ್ನು ಮದುವೆಯಾಗಬೇಕಿದ್ದ ದಶರಥ ಹಿಂದೆ ನಿಂತು ಕಣ್ಣೊರೆಸಿಕೊಂಡ. ನನ್ನ ಗೆಳೆಯ ರಾಮಲಿಂಗಪ್ಪ ಪತ್ತೇದಾರನಾದಂದಿನಿಂದ ಒಳ್ಳೆಯ ಸುದ್ದಿ ಹೊತ್ತು ನಮ್ಮ ಮನೆಗೆ ಬಂದವರೇ ಇಲ್ಲ, ನನಗಂತೂ ಸಾಕಾಗಿತ್ತು.

ಗೋಳಗುಮ್ಮಟದ ಹತ್ತಿರದ ರಾತ್ರಿಸಂತೆಯಲ್ಲಿ ಸೂಜಿ, ಬಾಚಣಿಗೆ ಮಾರುತ್ತಿದ್ದ ಪರಸವ್ವನ ಸೋದರತ್ತೆ ಸತ್ಯವ್ವನನ್ನು ಯಾರೋ ಗೋಣಿತಟ್ಟಿನ ಪರದೆಯ ಹಿಂದಿನಿಂದ ಹಗ್ಗ ಬಿಗಿದು ಕೊಂದಿದ್ದರು. ಹೆಣದ ಮುಂದೆ ಸಿಕ್ಕವನು ಅಣ್ಣ ಹಣಮಂತ. ಈ ಮದುವೆ ಬೇಡವೆಂದ ಅತ್ತೆಯೊಡನೆ ಅವನು ಜಗಳವಾಡಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು.

ದಶರಥ ಅಂಗಡಿಗಳಿಗೆ ಗ್ಯಾಸ್‌ಬತ್ತಿ ಬಾಡಿಗೆ ಕೊಡುವವನು. “ಬತ್ತಿ ಹಚ್ಚಿದಾಂವ ನಾನರೀ. ಆಮ್ಯಾಲೂ ಅತ್ತಿ ಮಾತಾಡಿದಳು, ಚೀಲ ಹೊಲಿಯಾಕ ಸೂಜಿ ಕೊಟ್ಟಳು. ಹಣಮಂತ ಸೂಜಿ ಕೊಟ್ಟ ಮ್ಯಾಲ ಬಂದಾನ. ಸುಳ್ಳು ಹ್ಯಾಂಗ ಹೇಳ್ಲಿ?” ಎಂದ.

ಮಬ್ಬುಗತ್ತಲಲ್ಲಿ ನಾವು ಸಂತೆಗೆ ಹೋದೆವು. ಎದುರಿನವರ ಮುಖ ತಿಳಿಯುತ್ತಿರಲಿಲ್ಲ. ತಟ್ಟು ಅಲುಗಿದಾಗೆಲ್ಲ ನಾನು ತಿರುಗಿ ನೋಡುತ್ತಿದ್ದೆ. ಸತ್ಯವ್ವನ ಅಂಗಡಿಯಲ್ಲಿ ಸೂಜಿಗಂಟು ಬಿಚ್ಚಿಕೊಂಡೇ ಬಿದ್ದಿತ್ತು.

“ಇದನ್ನ ಯಾರರ ಮುಟ್ಟೀರೇನು?” ರಾಮಲಿಂಗಪ್ಪ ಕೇಳಿದ.

“ಯಾರೂ ಇಲ್ಲರಿ,” ಎಂದಳು ಪಕ್ಕದ ಹೂವಿನಂಗಡಿಯ ಬೀಬಿಜಾನ.

ಮರುದಿನ ಅವನು ಎಲ್ಲರನ್ನೂ ಅಲ್ಲಿಗೇ ಕರೆಸಿದ. ಪೊಲೀಸ್ ಫೌಜದಾರರ ಹಿಂದೆ ಅಪರಿಚಿತ ಹೆಂಗಸೊಬ್ಬಳು ನಿಂತಿದ್ದಳು.

“ದೀಪ ಹಚ್ಚಿದ ಮ್ಯಾಲ ಸತ್ಯವ್ವ ಸೂಜಿ ಕೊಡತಿದ್ದಳೇನ್ರಿ?” ರಾಮಲಿಂಗಪ್ಪ ಕೇಳಿದ.

“ತೋಬಾ ತೋಬಾ,” ಎಂದಳು ಬೀಬಿಜಾನ. “ದೀಪ ಬಂತಂದ್ರ ಗಂಟು ಕಟ್ಟಿ ಒಳಗ ಇಡತಿದ್ದಳು. ಕೇಡಾಗತೈತಂತ ಸ್ವಂತ ಮಂದಿಗೂ ಸೂಜಿ ಕೊಟ್ಟಿಲ್ಲ.”

“ಗಂಟು ಬಿಚ್ಚೇ ಐತಿ. ಅಂದ್ರ ದೀಪ ಬರೂಕಿಂತ ಮೊದಲ ಆಕಿ ಸತ್ತಾಳ. ಆ ಹೊತ್ತಿಗೆ ಹಣಮಂತ ತಿಕೋಟಾ ಬಸ್ಸಿನ್ಯಾಗಿದ್ದ; ಕಂಡಕ್ಟರ ಗುರುತು ಹಿಡದಾನ. ದಶರಥಾ, ನೀನ ಆಕಿನ್ನ ಕೊಂದು, ಸತ್ತಾಕಿ ಮುಂದ ಕುಂತು ಬತ್ತಿ ಹಚ್ಚೀದಿ. ಆಕಿ ಜೀವಂತ ಇದ್ದಳಂತ ತೋರಸಾಕ ಇಲ್ಲದ ಸೂಜಿ ಮಾತು ಕಟ್ಟೀದಿ.” ಆಮೇಲೆ ಆ ಹೆಂಗಸಿನ ಕಡೆ ತಿರುಗಿದ. “ಸೊಲ್ಲಾಪುರದಾಗ ಇವನಿಗೆ ಹೇಣ್ತಿ ಇರೂದು ಸತ್ಯವ್ವಗ ಗೊತ್ತಾಗಿತ್ತು. ಈಕಿನ ಆ ಹೇಣ್ತಿ.”

ಹೆಂಡತಿಯನ್ನು ಕಂಡು ದಶರಥ ತಲೆ ತಗ್ಗಿಸಿದ. ಪೊಲೀಸರು ಅವನನ್ನು ಎಳೆದೊಯ್ದರು.

ಬಿಡುಗಡೆಯಾದ ಅಣ್ಣ ಭುಜ ಹಿಡಿದು ಕರೆದರೂ ಪರಸವ್ವ ಏಳಲಿಲ್ಲ. ತನ್ನ ಅಂಗೈಯನ್ನೇ ಹೇಸಿಕೊಂಡು ನೋಡುತ್ತಿದ್ದಳು.

“ಅತ್ತಿ ಸತ್ತಾಗಿಂದ ನಮ್ಮನ್ಯಾಗ ಒಲಿ ಹಚ್ಚಿಲ್ಲಣ್ಣ,” ಎಂದಳು. “ದಿನಾ ಆ ದಶರಥ ಬುತ್ತಿ ತಂದು, ಉಣ್ಣು ಉಣ್ಣು ಅಂತ ತುತ್ತು ಮಾಡಿ ಈ ಅಂಗೈಯಾಗ ಕೊಟ್ಟಾನ. ನಾ ಉಂಡೇನಿ.”