ಭಾರತದಲ್ಲಿದ್ದ ಎರಡು ದಿನ

"ಟೋಕನ್ ಹದಿನಾಲ್ಕು, ಬನ್ನಿ..."

ನೀರಜಾ ಕಂಪ್ಯೂಟರಿನಿಂದ ಕಣ್ಣು ತೆಗೆಯದೆಯೇ ಕರೆದಳು. ಎದುರಿನ ಕುರ್ಚಿ ಸರಿದ ಸದ್ದಾಯಿತು. ಮೇಜಿನ ಮೇಲೆ ಒಂದು ಫೈಲ್ ಬಂತು.

ಆ ಕೈ! ಹೆಬ್ಬೆರಳಿನ ಬುಡದಲ್ಲಿ ವೆಲ್ಡಿಂಗ್ ಕಿಡಿ ಸುಟ್ಟ ಕಲೆ...

ತಲೆ ಎತ್ತಿದಳು. ಚೇತನ್!

ಅವಳ ಗಂಡ. ಎರಡೂವರೆ ವರ್ಷದಿಂದ ಮುಖ ನೋಡದ ಗಂಡ.

ಅವನೂ ಬೆಚ್ಚಿಬಿದ್ದಿದ್ದ. "ನೀವು... ಇಲ್ಲಿ ಕೆಲಸ ಮಾಡ್ತೀರಾ? ನಂಗೆ ಗೊತ್ತಿರಲಿಲ್ಲ. ಬೇಕಾದ್ರೆ ಬೇರೆ ಕೌಂಟರಿಗೆ..."

'ನೀವು' ಅಂತೆ! ಆ ಒಂದು ಪದ ಅವಳ ಎದೆಗೆ ನಾಟಿತು.

"ಬೇರೆ ಯಾರೂ ಇಲ್ಲ. ಹೇಳಿ, ಏನಾಗಬೇಕಿತ್ತು?"

ಬೌಷರ್ ಬಡಾವಣೆಯ ಆ ಪುಟ್ಟ ತೆರಿಗೆ ಸಲಹಾ ಆಫೀಸಿಗೆ ಡಿಸೆಂಬರ್ ಕೊನೆಯ ವಾರವೆಂದರೆ ಬಿಡುವೇ ಇಲ್ಲ. ಮಸ್ಕತ್‌ನಲ್ಲಿ ಸಂಬಳಕ್ಕೆ ತೆರಿಗೆ ಇಲ್ಲದಿದ್ದರೂ ಊರಲ್ಲಿ ಡೆಪಾಸಿಟ್ಟು, ಮನೆ ಇರುವವರು ಅಲ್ಲಿಯ ತೆರಿಗೆ ರಿಟರ್ನ್ ಸಲ್ಲಿಸಬೇಕಲ್ಲ. ತಪ್ಪು ತಿದ್ದಿ ಮತ್ತೆ ಸಲ್ಲಿಸಲು ಮೂವತ್ತೊಂದೇ ಕೊನೆಯ ದಿನ.

"ಊರಿನ ಡೆಪಾಸಿಟ್ ಬಡ್ಡಿಗೆ ಬ್ಯಾಂಕಿನವರು ತೆರಿಗೆ ಹಿಡಿದಿದ್ದಾರೆ," ಚೇತನ್ ಫೈಲ್ ನೋಡುತ್ತಲೇ ಹೇಳಿದ. "ಮೊದಲ ಮನೆ ಕೊಂಡವರಿಗೆ ಸಾಲದ ಬಡ್ಡಿ ಮೇಲೆ ಏನೋ ವಿನಾಯಿತಿ ಇದೆಯಂತೆ. ನಾನು ಅದನ್ನ ತೋರಿಸೇ ಇರಲಿಲ್ಲ. ಈಗ ಸರಿಮಾಡಬಹುದು ಅಂತ ಸೈಟಲ್ಲಿ ಜೊತೆಗಿರೋ ಮ್ಯಾಕ್ಸ್‌ವೆಲ್ ಹೇಳಿದ."

"ಆಗುತ್ತೆ." ಅವಳು ಪರದೆಯ ಮೇಲೆ ಫಾರಂ ತೆರೆದಳು. "ಸಾಲ ಮಂಜೂರಾದ ದಿನ ನಿಮ್ಮ ಹೆಸರಲ್ಲಿ ಬೇರೆ ಮನೆ ಇತ್ತಾ?"

"ಇಲ್ಲ. ಅದೇ ಮೊದಲನೇದು. ನಿಮಗೇ ಗೊತ್ತಲ್ಲ..."

"ಕೇಳಲೇಬೇಕು, ನಿಯಮ. ಜಂಟಿ ಮಾಲೀಕರ ಹೆಸರು?"

"ನೀರಜಾ ದೊರೆಸ್ವಾಮಿ."

"ಸಂಬಂಧ?"

ಅವನು ಹೆಬ್ಬೆರಳ ಬುಡದ ಕಲೆಯನ್ನು ಉಜ್ಜಿಕೊಂಡ.

"ಹೆಂಡತಿ," ಎಂದ ಕೊನೆಗೆ.

ನೀರಜಾಳ ಕಣ್ಣು ಮಂಜಾಯಿತು. ಮೈಸೂರಿನ ಆ ಎರಡು ಕೋಣೆಯ ಫ್ಲ್ಯಾಟ್ ನೋಡಲು ಮೂವರೂ ಹೋಗಿದ್ದರು. ಅಪ್ಪ ದೊರೆಸ್ವಾಮಿ ಒಂದೊಂದೇ ನಲ್ಲಿ ತಿರುಗಿಸಿ ನೀರು ಬಿಟ್ಟು ನೋಡಿದ್ದರು. "ಇದನ್ನೇ ತಗೊಳ್ಳಪ್ಪ ಚೇತನ್, ನೀರಿನ ಒತ್ತಡ ಚೆನ್ನಾಗಿದೆ!"

ಅದೇ ಅಪ್ಪ ಒಂದು ಮುಂಜಾನೆ ಕುಸಿದು ಬಿದ್ದವರು ಮತ್ತೆ ಏಳಲಿಲ್ಲ. ಆಗ ಅವಳು ಮೈಸೂರಿನಲ್ಲೇ ಇದ್ದಳು. ಮಸ್ಕತ್‌ನಿಂದ ದೂರದ ದುಕುಮ್ ಸೈಟಿಗೆ ಹೋಗಿದ್ದ ಚೇತನ್, "ಬರ್ತೀನಿ ನೀರೂ, ಬಂದೇ ಬರ್ತೀನಿ," ಅಂದಿದ್ದ. ಅವಳು ಬಾಗಿಲು ನೋಡುತ್ತಾ ಕೂತಿದ್ದಳು. ಬರಲಿಲ್ಲ. ಚಿತೆಗೆ ಬೆಂಕಿ ಬಿತ್ತು. "ಅಳಿಯ ಬರ್ಲಿಲ್ವಾ?" ಎಂದು ನೆಂಟರು ಕೇಳಿದಾಗ ಅವಳೊಳಗೆ ಏನೋ ಮುರಿಯಿತು. ಅವನ ನಂಬರ್ ಬ್ಲಾಕ್ ಮಾಡಿದಳು. ಮಸ್ಕತ್‌ಗೆ ಮರಳಿದ ಮೇಲೆ ಅವನ ಮನೆಗೆ ಹೋಗದೆ ಅದೇ ಊರಿನ ವಾದಿ ಅದಾಯ್ ಬಡಾವಣೆಯಲ್ಲಿ ಗೆಳತಿ ಆಯಿಶತ್ ಜೊತೆ ರೂಮು ಹಿಡಿದಳು.

"ಅರ್ಧ ವಿನಾಯಿತಿ ನಿಮ್ಮ ಹೆಸರಿಗೆ ಹಾಕ್ಕೊಳ್ಳಿ," ಚೇತನ್ ಮೆಲ್ಲಗೆ ಹೇಳಿದ.

"ಕಂತು ಕಟ್ಟಿದವರಿಗೆ ಮಾತ್ರ ವಿನಾಯಿತಿ. ನಾನು ಕಟ್ಟಿಲ್ಲ." ಕ್ಷಣ ತಡೆದು ಕೇಳಿದಳು, "ನನ್ನ ಹೆಸರು ಯಾಕೆ ತೆಗೆಸಲಿಲ್ಲ?"

"ಮಾವ ಇಷ್ಟಪಟ್ಟು ಆರಿಸಿದ ಮನೆ... ಅವರ ಮಗಳ ಹೆಸರು ತೆಗೆಸೋಕೆ ನಾನ್ಯಾರು?"

ಅವಳು ತುಟಿ ಕಚ್ಚಿದಳು. 'ಅಷ್ಟು ಪ್ರೀತಿ ಇದ್ದವನು ಕೊನೆಗೊಮ್ಮೆ ಮುಖ ನೋಡೋಕೆ ಯಾಕೆ ಬರಲಿಲ್ಲ?'

"ಪಾಸ್‌ಪೋರ್ಟ್ ಕೊಡಿ. ಈ ವರ್ಷ, ಹಿಂದಿನ ನಾಲ್ಕು ವರ್ಷ ಭಾರತದಲ್ಲಿ ಎಷ್ಟು ದಿನ ಇದ್ರಿ ಅಂತ ಬರೀಬೇಕು."

ಅವನು ಹಿಂಜರಿದ. "ನಾನೇ ಲೆಕ್ಕ ಹೇಳ್ತೀನಿ..."

"ಮುದ್ರೆ ನೋಡಿಯೇ ಬರೀಬೇಕು."

ಪುಟ ತಿರುಗಿಸಿದಳು. ಮದುವೆಯ ರಜೆ, ಗೃಹಪ್ರವೇಶ... ಮುಂದಿನ ಪುಟದಲ್ಲಿ ಅವಳ ಬೆರಳು ನಿಂತುಬಿಟ್ಟಿತು.

ಬೆಂಗಳೂರು. ಆಗಮನ, ೧೯ ಮೇ ೨೦೨೩. ನಿರ್ಗಮನ, ೨೦ ಮೇ.

ಅಪ್ಪ ತೀರಿಕೊಂಡದ್ದು ಹದಿನಾರಕ್ಕೆ!

"ನೀವು... ಬಂದಿದ್ರಾ?" ಆ ಪುಟವನ್ನು ಅವನ ಕಡೆ ತಿರುಗಿಸಿದಳು. "ಬಂದಿದ್ರಾ ಚೇತನ್?"

ಅವನು ತಲೆ ತಗ್ಗಿಸಿದ. "ವೀಸಾ ರಿನ್ಯೂವಲ್‌ಗೆ ಅಂತ ಪಾಸ್‌ಪೋರ್ಟ್ ಕಂಪನಿ ಹತ್ರ ಇತ್ತು. ಕೈಕಾಲು ಹಿಡಿದು ಬಿಡಿಸಿಕೊಳ್ಳೋ ಹೊತ್ತಿಗೆ ಎರಡು ದಿನ ಹೋಯ್ತು. ನಿಂಗೆ ಎಷ್ಟು ಸಲ ಫೋನ್ ಮಾಡಿದೆ..."

"ಮನೆಗೆ ಯಾಕೆ ಬರಲಿಲ್ಲ?"

"ಬಂದೆ. ಗೇಟಿನ ಹತ್ರ ಅಭಿ ನಿಲ್ಲಿಸಿದ. 'ಭಾವ, ಅಕ್ಕ ನಿಮ್ಮ ಮುಖ ನೋಡಲ್ಲ ಅಂದಿದ್ದಾಳೆ, ಹೋಗಿಬಿಡಿ,' ಅಂತ ಅತ್ತುಬಿಟ್ಟ ಪಾಪ."

ನೀರಜಾ ಪಾಸ್‌ಪೋರ್ಟನ್ನು ಮುಚ್ಚಿಟ್ಟಳು.

ಹೌದು. ಅಂದಿದ್ದಳು. ಚಿತೆಯ ಹೊಗೆ ಕಣ್ಣಲ್ಲಿ ಇನ್ನೂ ಇರುವಾಗ ತಮ್ಮನೆದುರು ಕಿರುಚಿದ್ದಳು, 'ಆ ಮನುಷ್ಯನ ಮುಖ ನನಗೆ ತೋರಿಸಬೇಡ!'

ಅಭಿ ಅಕ್ಕನ ಮಾತು ನಡೆಸಿದ್ದ, ಅಷ್ಟೇ. ಆಮೇಲೆ ಭಾವನ ಹೆಸರೆತ್ತಲು ಅವಳೇ ಬಿಟ್ಟಿರಲಿಲ್ಲ.

"ಒಳಗೆ ನುಗ್ಗಿ ಬರಬಹುದಿತ್ತಲ್ಲಾ!" ಅವಳು ಬಿಕ್ಕಿದಳು. "ಬೈದಿದ್ರೆ ಬೈಸ್ಕೋಬೇಕಿತ್ತು! ಹೊಡೆದಿದ್ರೆ ಹೊಡೆಸ್ಕೋಬೇಕಿತ್ತು!"

"ನಿನ್ನ ಅಳು ಗೇಟಿಗೆ ಕೇಳಿಸ್ತಿತ್ತು ನೀರೂ. ನನ್ನ ನೋಡಿದ್ರೆ ಇನ್ನೂ ಜಾಸ್ತಿ ಆಗುತ್ತೇನೋ ಅಂತ ಹೆದರಿದೆ. ಅದು ನನ್ನ ತಪ್ಪು." ಅವನ ಕಣ್ಣೂ ತುಂಬಿತ್ತು. "ಪಶ್ಚಿಮವಾಹಿನಿಗೆ ಹೋದೆ. ಮಾವನ ಅಸ್ಥಿ ಅಲ್ಲೇ ಬಿಟ್ರು ಅಂತ ಅಭಿ ಹೇಳಿದ್ದ. ನದೀಲಿ ಮುಳುಗಿ, ಮೆಟ್ಟಿಲ ಮೇಲೆ ಸಂಜೆವರೆಗೂ ಕೂತಿದ್ದೆ. ಮರುದಿನ ವಾಪಸ್ ಹೊರಟೆ."

ಎರಡೂವರೆ ವರ್ಷ... ಒಂದೇ ಊರಲ್ಲಿ, ಇಪ್ಪತ್ತು ನಿಮಿಷದ ದಾರಿಯಲ್ಲಿ! ಒಬ್ಬರು ಕೇಳಲಿಲ್ಲ, ಇನ್ನೊಬ್ಬರು ಹೇಳಲಿಲ್ಲ. ಹೋದ ದಿನಗಳನ್ನು ಯಾವ ಪರಿಷ್ಕೃತ ರಿಟರ್ನ್ ತಿದ್ದಿಕೊಟ್ಟೀತು?

ಪಕ್ಕದ ಕೋಣೆಯಿಂದ ಆಫೀಸಿನ ಮುಖ್ಯಸ್ಥೆ ಹೇಝಲ್ ಮೇಡಂ ಇಣುಕಿದರು. "ನೀರಜಾ, ಎವ್ರಿಥಿಂಗ್ ಓಕೆ?"

"ಓಕೆ ಮೇಡಂ..." ದುಪಟ್ಟಾದಿಂದ ಮುಖ ಒರೆಸಿಕೊಂಡಳು.

ಕೆಲಸ ಮುಗಿಸಿದಳು. ಬಡ್ಡಿ ತುಂಬಿಸಿದಳು, ದಿನಗಳನ್ನು ಕೂಡಿಸಿದಳು, ಎರಡು ಸಲ ಪರಿಶೀಲಿಸಿದಳು. ಅವನ ಮೊಬೈಲಿಗೆ ಬಂದ ಒಟಿಪಿಯನ್ನು ಅವನು ಓದಿ ಹೇಳಿದ. ರಿಟರ್ನ್ ಸಲ್ಲಿಕೆಯಾಯಿತು.

"ಆಯ್ತು," ಎಂದಳು.

"ಥ್ಯಾಂಕ್ಸ್." ಅವನು ಫೈಲ್ ಎತ್ತಿಕೊಂಡು ಎದ್ದ. ಬಾಗಿಲ ಕಡೆ ತಿರುಗಿದ.

"ರೀ..."

ಅವನು ನಿಂತ.

"ಅಪ್ಪ ಕೊನೆಗೆ ಏನೋ ಹೇಳೋಕೆ ಹೋದ್ರು. ನಾನು, 'ಸುಮ್ನಿರಿ ಅಪ್ಪ, ಆಂಬುಲೆನ್ಸ್ ಬರ್ತಿದೆ,' ಅಂದುಬಿಟ್ಟೆ. ಕೇಳಿಸಿಕೊಳ್ಳಲೇ ಇಲ್ಲ. ಇದನ್ನ ಯಾರಿಗೂ ಹೇಳಿಲ್ಲ. ಅಮ್ಮಂಗೂ ಇಲ್ಲ, ಅಭಿಗೂ ಇಲ್ಲ. ಹೇಳೋಕೆ ನೀವಿರಲಿಲ್ಲ..."

ಚೇತನ್ ಹಿಂದಿರುಗಿ ಬಂದ. ಎದುರಿನ ಕುರ್ಚಿಯನ್ನು ಮೇಜು ಸುತ್ತಿಸಿ ತಂದು ಅವಳ ಪಕ್ಕದಲ್ಲೇ ಇಟ್ಟು ಕೂತ.

"ಈಗ ಹೇಳು ನೀರೂ."

"ತುಂಬಾ ಇದೆ ರೀ..."

"ಇರಲಿ. ಎಲ್ಲಾ ಹೇಳು."