ಮರೆಗೈ

ಮರದ ತಡಿಕೆಯ ಆಚೆ ಎರಡು ಉಕ್ಕಿನ ಕೈಗಳು ಕೃತಕ ಕರುಳೊಂದನ್ನು ಹೊಲಿಯುತ್ತಿದ್ದವು. ಈಚೆ, ಮೊಣಕೈವರೆಗಿನ ಗವಸುಗಳಲ್ಲಿ ಕೈಯಿಟ್ಟು ಕುಳಿತವಳು ನೀಲಗಂಗಾ. ಅವಳ ಬೆರಳು ಆಡಿದಂತೆಲ್ಲ ಉಕ್ಕಿನ ಬೆರಳು ಆಡುತ್ತಿದ್ದವು. ಆಚೆಯ ಪರೀಕ್ಷಕರಿಗೆ ಕಾಣುವುದು ಆ ಕೈಗಳಷ್ಟೇ. ಹೆಸರಿಲ್ಲ, ಮುಖವಿಲ್ಲ, ದನಿಯಿಲ್ಲ. ಯಂತ್ರದ ಹೆಸರು ಮರೆಗೈ.

ಅದನ್ನು ಕಟ್ಟಿದವರು ವಿಜ್ಞಾನಿ ತ್ರಿವಿಕ್ರಮರಾಯರು. ಶಸ್ತ್ರಚಿಕಿತ್ಸೆ ಕಲಿಯಬಂದ ಹೆಣ್ಣುಮಕ್ಕಳು ಒಂದಲ್ಲ ಒಂದು ನೆವಕ್ಕೆ ಮರಳಿಹೋಗುವುದನ್ನು ನೋಡಿ ನೋಡಿ ಅವರ ಜೀವ ಬೇಸತ್ತಿತ್ತು. ಹೆಣ್ಣೆಂದು ತಿಳಿಯದಿದ್ದರೆ ನೆವವೇ ಹುಟ್ಟದಲ್ಲ ಎಂದುಕೊಂಡರು. ಹಾಗಾಗಿ ಯಂತ್ರ ಕೈಯ ಚಲನೆಯನ್ನು ಮಾತ್ರ ನೆನಪಿಟ್ಟು, ಅದು ಯಾರದೆಂಬ ಗುರುತನ್ನು ಪೂರಾ ಅಳಿಸಿಬಿಡುತ್ತಿತ್ತು.

ಹೋದ ವರ್ಷ ನೀಲಗಂಗಾ ಇದೇ ಮರೆಗೈಯಲ್ಲಿ ಹೊಲಿದು ಪಾಸಾಗಿದ್ದಳು. ಆದರೆ ಆಗ ವಿಭಾಗದ ಹಿರಿಯರ ಒಪ್ಪಿಗೆಯೂ ಬೇಕಿತ್ತು. ಡಾಕ್ಟರ್ ಹಂಚಿನಾಳರು ಚಹಾ ತರಿಸಿಕೊಟ್ಟು, "ತಂಗೀ, ಇದು ಹತ್ತು ತಾಸು ನಿಲ್ಲೋ ಕೆಲಸ. ಚರ್ಮದ ವಿಭಾಗ ತಗೋ, ಸಂಜಿಗೆ ಮನಿ ಸೇರ್ತಿ. ನಾಳೆ ಕೂಸು ಕುನ್ನಿ ಅಂದ್ರ ನಮಗೇ ಬೈಬ್ಯಾಡ" ಎಂದು ನಕ್ಕು ಕಳಿಸಿದ್ದರು. ಈ ವರ್ಷ ಒಪ್ಪಿಗೆಯ ನಿಯಮ ಹೋಗಿ, ಹಂಚಿನಾಳರು ಆಚೆಯ ಪರೀಕ್ಷಕರಲ್ಲಿ ಒಬ್ಬರಷ್ಟೇ ಆಗಿ, ಮರೆಗೈಯ ತೀರ್ಪೇ ಕೊನೆಯದಾಗಿತ್ತು. ಅವಳಿಗೂ ಇದೇ ಕೊನೆಯ ಅವಕಾಶ. ಸೂಜಿ ಹಿಡಿಯುವ ಮೊದಲು ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡಿದ್ದಳು.

ಕೊನೆಯ ಗಂಟು ಬಿದ್ದಾಗ ತಡಿಕೆಯ ಎರಡೂ ಬದಿ ಕೆಂಪು ದೀಪ ಹತ್ತಿತು. ಅದರಡಿ ಒಂದೇ ಪದ: ನಕಲು.

ಓಡಿಬಂದ ರಾಯರು ದಾಖಲೆ ನೋಡಿ ಅವಳ ಪಕ್ಕದಲ್ಲೇ ಕೂತರು. ಈವರೆಗಿನ ಸಾವಿರಾರು ಕೈಗಳಲ್ಲಿ ಅತ್ಯುತ್ತಮವಾದುದನ್ನು ಯಂತ್ರವೇ ಆರಿಸಿ 'ಮಾದರಿಗೈ' ಮಾಡಿಕೊಂಡು, ಕಲಿಯುವವರಿಗೆಲ್ಲ ತೋರಿಸುತ್ತಿತ್ತು. ಕೋಚಿಂಗ್ ಕ್ಲಾಸಿನವರು ಅದರ ಒಂದೊಂದು ಹೊಲಿಗೆಯನ್ನೂ ಮಕ್ಕಳಿಗೆ ಬಾಯಿಪಾಠದಂತೆ ಕಲಿಸತೊಡಗಿದಾಗ, ಮಾದರಿಗೈಯನ್ನು ಹಾಗೇ ಹೋಲುವವರನ್ನು ಹೊರಗೆ ಹಾಕುವಂತೆ ಯಂತ್ರಕ್ಕೆ ಹೇಳಿಕೊಟ್ಟವರೂ ರಾಯರೇ.

"ಹಂಗಾರ ಆ ಮಾದರಿ ನನ್ನ ಕೈನಾ?" ನೀಲಗಂಗಾ ಪಿಸುಗುಟ್ಟಿದಳು.

"ಇರಬೇಕವ್ವಾ. ಕೂದಲೆಳೆ ಫರಕಿಲ್ಲ."

"ನನ್ನ ಕೈ ನನಗ ಹ್ಯಾಂಗ ನಕಲಾತ್ರೀ? ಇನ್ನೊಮ್ಮೆ ಹೊಲದು ತೋರಸ್ತೀನಿ."

"ಕ್ಲಾಸಿನವರೂ ಹಂಗೇ ಹೊಲದು ತೋರಸ್ತಾರ. ನಿಂದೇ ಅನ್ನಾಕ ಹೆಸರು ಬೇಕು. ಹೆಸರು ಉಳೀಬಾರದು ಅಂತ ನಾನೇ ಕಟ್ಟೀನಿ."

"ಆಚೆ ಕುಂತವರಿಗೆ ಒಂದು ಮಾತು ಹೇಳ್ಲೇನು?"

ರಾಯರು ದನಿ ತಗ್ಗಿಸಿದರು. "ದನಿ ಆಚೆ ಹೋದ್ರ ಇವತ್ತಿನ ಪರೀಕ್ಷಾ ಎಲ್ಲಾರದೂ ರದ್ದು. ನಿನ್ನ ಹಿಂದ ಇನ್ನೂ ಹನ್ನೊಂದು ಹುಡುಗ್ಯಾರು ಕುಂತಾರ."

ನೀಲಗಂಗಾ ತಿರುಗಿ ನೋಡಿದಳು. ಬೆಂಚಿನ ಮೇಲೆ ಸಾಲಾಗಿ ಕುಳಿತವರು ಬೆರಳುಗಳನ್ನು ಮಡಚಿ ಬಿಡಿಸಿ ಸಡಿಲಿಸಿಕೊಳ್ಳುತ್ತಿದ್ದರು. ಮತ್ತೆ ತಡಿಕೆಯತ್ತ ತಿರುಗಿದಳು. ಅವಳ ಕೈಗಳು ಇನ್ನೂ ಗವಸಿನಲ್ಲೇ ಇದ್ದವು. ಕಣ್ಣು ಮುಚ್ಚಿ, ಯಾರಿಗೆಂದು ತಾನೂ ಅರಿಯದೆ, ಅವನ್ನು ಜೋಡಿಸಿದಳು.

ತಡಿಕೆಯಾಚೆ ಉಕ್ಕಿನ ಕೈಗಳು ಪರೀಕ್ಷಕರ ಮುಂದೆ ಮೆಲ್ಲಗೆ ಮುಗಿದು ನಿಂತವು.

"ನಕಲು ಹೊಡದ್ರೂ" ಎಂದರು ಹಂಚಿನಾಳರು ಪಕ್ಕದವರಿಗೆ, "ಹುಡುಗ ಸಂಸ್ಕಾರವಂತ ನೋಡ್ರಿ."